ಒಂದೇ ಅಡ್ಡಹೆಸರು, ಎರಡು ಬಂಡೆ

22 ಜುಲೈ 2024, ಸೋಮವಾರ
ಕಾರ್ಕಳ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಮನೆಯಲ್ಲೇ ಕೂತು ಮೆಕೆಂಜಿ ಎಂಬ ಅಡ್ಡಹೆಸರಿನ ಜಾಡು ಹಿಡಿದೆ. ನಮಗೆ ಈ ಹೆಸರು ಕೇಳಿದ ಕೂಡಲೇ ಕೈಫಿಯತ್ತುಗಳು, ಅಂದರೆ ಕಾಲಿನ್ ಮೆಕೆಂಜಿ ಕೂಡಿಸಿದ ಊರೂರಿನ ಇತಿಹಾಸದ ಬರಹಗಳು, ನೆನಪಾಗುತ್ತವೆ, ಅಲ್ವಾ? ಹೆಸರಿನ ಊರು ಮಾತ್ರ ಬಹಳ ದೂರ.

ಅದು ಸ್ಕಾಟ್ಲೆಂಡಿನ ಬೆಟ್ಟನಾಡಿನ ಹೆಸರು. ಗೇಲಿಕ್ ಭಾಷೆಯಲ್ಲಿ 'ಮಕ್' ಅಂದರೆ ಮಗ. ಕೊನ್ಯಖ್ ಎಂಬವನ ಮಗ ಮಕ್ ಕೊನ್ಯಿಖ್. ಹೆಣ್ಣುಮಕ್ಕಳಿಗೆ 'ಮಕ್' ಅಲ್ಲ, 'ನಿಕ್'. ಮತ್ತೆ ಈ 'ಜಿ' ಎಲ್ಲಿಂದ ಬಂತು? ಹಳೆಯ ಸ್ಕಾಟ್ಸ್ ಬರಹದಲ್ಲಿ 'ಯ' ಸದ್ದಿಗೆ ಯೋಖ್ ಎಂಬ ಅಕ್ಷರವಿತ್ತು. ಅಚ್ಚಿನವರ ಬಳಿ ಆ ಮೊಳೆ ಇರಲಿಲ್ಲ. ನೋಡಲು ಅದರಂತೆಯೇ ಇದ್ದ 'ಝಡ್' ಜೋಡಿಸಿದರು. ಜನ ಅಚ್ಚಾದದ್ದನ್ನೇ ಓದುತ್ತಾ ಹೋದರು, ಹೆಸರಿನ ಸದ್ದೇ ಬದಲಾಯಿತು. ಇಂಗ್ಲಿಷಿನಲ್ಲಿ ನಮ್ಮೂರಿನ 'ಳ' ಕಳೆದುಹೋಗುತ್ತದಲ್ಲ, ಹಾಗೆ. ನನಗೆ ಅದು ಯಾವಾಗಲೂ ನೋವಿನ ವಿಷಯ.

ಈ ಮನೆತನದ ಹಳೆಯ ನೆಲೆ ಪಶ್ಚಿಮ ತೀರದ ಕಿಂಟೇಲ್. 1610ರಲ್ಲಿ ಲೂಯಿಸ್ ದ್ವೀಪವೂ ಅವರ ಕೈಸೇರಿತು. ಹೆಸರು ಹೊತ್ತವರೆಲ್ಲ ರಕ್ತಸಂಬಂಧಿಗಳಲ್ಲ. ಒಡೆಯನ ಆಸರೆಯಲ್ಲಿದ್ದ ಒಕ್ಕಲುಗಳೂ ಅವನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು.

ಲೂಯಿಸ್‌ನಲ್ಲಿ ಸ್ಟಾರ್ನೋವೇ ಎಂಬ ಬಂದರು ಊರು. ಅಲ್ಲಿ ಹುಟ್ಟಿದ ಇಬ್ಬರು ಮೆಕೆಂಜಿಗಳ ಕಥೆ ನನ್ನನ್ನು ಮಧ್ಯಾಹ್ನದ ಊಟಕ್ಕೂ ಏಳಲು ಬಿಡಲಿಲ್ಲ.

ಅಲೆಕ್ಸಾಂಡರ್ 1774ರಲ್ಲಿ, ಇನ್ನೂ ಹುಡುಗ, ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ. ಅಲ್ಲಿಂದ ಮಾಂಟ್ರಿಯಲ್, ತುಪ್ಪಳದ ವ್ಯಾಪಾರ. ಕಡೆಗೆ ಕೆನಡಾವನ್ನು ದಾಟಿ ಪೆಸಿಫಿಕ್ ಕಡಲು ಮುಟ್ಟಿದ. ಅಲ್ಲೊಂದು ಬಂಡೆಯ ಮೇಲೆ, ಕೊಬ್ಬಿನಲ್ಲಿ ಕಲಸಿದ ಕೆಂಪು ಬಣ್ಣದಿಂದ, ತಾನು ಕೆನಡಾದಿಂದ ನೆಲದ ದಾರಿಯಲ್ಲಿ ಬಂದೆ ಅಂತ ಹೆಸರು ಸಮೇತ ಬರೆದ. ತಾರೀಖನ್ನೂ ಹಾಕಿದ: 22 ಜುಲೈ 1793. ಇವತ್ತಿನದೇ ದಿನ! ಓದಿ ಮೈ ಜುಮ್ಮೆಂದಿತು.

ಕಾಲಿನ್ ಮೆಕೆಂಜಿ 1783ರಲ್ಲಿ ಹೊರಟು ಭಾರತಕ್ಕೆ ಬಂದ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಅವನು ಬಂಡೆಗಳ ಮೇಲಿದ್ದ ಬೇರೆಯವರ ಹೆಸರುಗಳನ್ನು ಹುಡುಕಿಸಿದ, ಓದಿಸಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನಂಥವರು ಓದಿ ಹೇಳುತ್ತಿದ್ದರು. ದಕ್ಷಿಣದ ಎಂಟು ಸಾವಿರ ಶಾಸನಗಳ ನಕಲು ಸೇರಿದ್ದು ಹೀಗೆ. ಆ ಪಂಡಿತರ ಹೆಸರು ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕು ಅಂತ ನನ್ನ ಆಸೆ.

ಕಾಲಿನ್ ತನ್ನ ದ್ವೀಪಕ್ಕೆ ಮರಳಲೇ ಇಲ್ಲ. 1821ರಲ್ಲಿ ಬಂಗಾಳದಲ್ಲೇ ತೀರಿಕೊಂಡ. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ಚಿತ್ರವೊಂದಿದೆ. ಕೆಂಪು ಕೋಟು ತೊಟ್ಟು ನಿಂತಿದ್ದಾನೆ, ಸುತ್ತ ನಮ್ಮ ದೇಶದ ಮೂವರು ಸಹಾಯಕರು. ಹಿಂದೆ ದೂರದಲ್ಲಿ ನಮ್ಮ ಕಾರ್ಕಳದ ಗೊಮ್ಮಟ.

ಸಂಜೆ ಕಿಟಕಿ ತೆರೆದು ನೋಡಿದೆ. ಗುಡ್ಡ ಪೂರ್ತಿ ಮಳೆಯೊಳಗೆ ಮುಳುಗಿತ್ತು.