ತರಗತಿ ಡಬ್ಬ: ಕೊನೆಗೂ ‘ಸ್’ ಕೇಳಿಸ್ತು!

ಕೇಳಿಸ್ತು ಕಣ್ರೀ, ಹಿಂದಿನ ಬೆಂಚಿಗೂ ಕೇಳಿಸ್ತು! ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್ ಊರಿಂದ ಫೆರಿ ಹತ್ತಿ ಮೆಕಾಂಗ್ ನದಿ ದಾಟಿದ್ರೆ ಚೋಮ್‌ಫೆಟ್ ಕಡೆ ನಾನೂ ನಮ್ಮೆಜಮಾನ್ರೂ ಪುಕ್ಕಟೆ ಇಂಗ್ಲಿಷ್ ಹೇಳ್ಕೊಡೋ ಸ್ಕೂಲು, ಅಲ್ಲಿಗೇ ಈ ಡಬ್ಬ, ಪಾಠದ ರೆಕಾರ್ಡಿಂಗೂ ಮೈಕಿನ ಮಾತೂ ಇಡೀ ಕ್ಲಾಸಿಗೆ ಕೇಳಿಸೋ ಸ್ಪೀಕರ್ ಪೆಟ್ಟಿಗೆ. ಅದನ್ನ ಕಟ್ಟಿದ ಕಥೆ ಹಿಂದೆ ಹೇಳಿದ್ದೇ, ಮತ್ತೆ ಬೇಡ. ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರು, ಡಿಜಿಟಲ್ ಫೈಲನ್ನ ಸದ್ದಿನ ಸಿಗ್ನಲ್ ಮಾಡೋ ಪಿಸಿಎಂ5102 ಡ್ಯಾಕು, ಆ ಸದ್ದನ್ನ ಜೋರು ಮಾಡೋ ಪಿಎಎಂ8403 ಆಂಪು, ಪವರ್ ಬ್ಯಾಂಕು, ಮಾಮೂಲಿ ಸಂಸಾರ.

ತಲೆ ತಿಂದಿದ್ದು ‘ಸ್’. ಲಾವೋ ಮಾತಲ್ಲಿ ಪದದ ಕೊನೇಲಿ ಪ್, ತ್, ಕ್, ಮ್, ನ್, ಙ್ ಅಷ್ಟೇ ಹೆಚ್ಚುಕಮ್ಮಿ ಬರೋದು, ‘ಸ್’ ಬರೋದೇ ಇಲ್ಲ. ಅದಕ್ಕೆ ಮಕ್ಕಳ ಬಾಯಲ್ಲಿ ‘ರೈಸ್’ ಹೋಗಿ ‘ಲೈ’, ‘ಹೌಸ್’ ಹೋಗಿ ‘ಹೌ’, ಮನೇಲಿ ಎಷ್ಟು ಬೆಕ್ಕಿದ್ರೂ ‘ಕ್ಯಾಟ್’. ನಾವು ಕನ್ನಡದೋರು ಇದರ ಉಲ್ಟಾ, ಕೊನೇಗೊಂದು ‘ಉ’ ಅಂಟಿಸ್ದೇ ಸಮಾಧಾನ ಇಲ್ಲ. ನಮ್ಮೆಜಮಾನ್ರು ಹಾಸನದೋರು, ಅವರ ಕ್ಲಾಸಲ್ಲಿ ಒಬ್ಬ ಹುಡುಗ ಈಗ ಸ್ಪಷ್ಟವಾಗಿ ‘ಬಸ್ಸು’ ಅಂತಾನೆ. ನಾನು ಹಣೆ ಚಚ್ಕೊಂಡ್ರೆ ಇವರು “ಸ್ ಬಂತಲ್ಲ ಕಣೇ, ಉ ಆಮೇಲೆ ಕಿತ್ತಾಕಿದ್ರಾಯ್ತು” ಅಂತ ಆರಾಮಾಗಿ ಸ್ಟಿಕಿ ರೈಸ್ ಉಂಡೆ ಕಟ್ಕೊಂಡು ತಿಂತಾ ಕೂತಿದ್ರು.

ಸರಿ, ‘ಐಸ್’ ಮತ್ತೆ ‘ಐ’ ಅಂತ ಜೋಡಿ ಕೇಳಿಸೋದು, ಮಕ್ಕಳು ಚಿತ್ರ ತೋರಿಸೋದು, ಇದು ಆಟ. ನಾನು ಹತ್ರ ನಿಂತು ಹೇಳಿದ್ರೆ ಸರಿಯಾಗಿ ತೋರಿಸ್ತಾರೆ. ಡಬ್ಬ ಹೇಳಿದ್ರೆ ಬರೀ ಅಂದಾಜು, ಒಂದೊಂದು ಸಲ ನಾಣ್ಯ ಚಿಮ್ಮಿದ್ರೂ ಇದಕ್ಕಿಂತ ವಾಸಿ ಅನ್ನಿಸ್ತಿತ್ತು. ಅಂದ್ರೆ ಕಿವಿ ಸರಿ ಇದೆ, ಡಬ್ಬ ಸರಿ ಇಲ್ಲ.

ಮೊದಲ ಅನುಮಾನ ಸ್ಪೀಕರ್ ಮೇಲೆ. ‘ಸ್’ ಶಬ್ದದ ಜೀವ ಇರೋದೇ 4 ಕಿಲೋಹರ್ಟ್ಸ್ ಮೇಲೆ, ನಮ್ಮ 4 ಇಂಚು ಪೇಪರ್ ಕೋನು ಅಷ್ಟೊತ್ತಿಗೆ ಸುಸ್ತು. ಹಾಗಾಗಿ ಒಂದು 8 ಓಮ್ ಟ್ವೀಟರು (ಕೀರಲು ಸದ್ದಿಗೇ ಅಂತ ಇರೋ ಸಣ್ಣ ಸ್ಪೀಕರು), ಅದಕ್ಕೆ ಸೀರೀಸಲ್ಲಿ 4.7 ಮೈಕ್ರೋಫ್ಯಾರಡ್ ನಾನ್-ಪೋಲಾರ್ ಕೆಪಾಸಿಟರು, ಲೆಕ್ಕ ಹಾಕಿದ್ರೆ 4.2 ಕಿಲೋಹರ್ಟ್ಸ್‌ಗಿಂತ ಕೆಳಗಿನ ಸದ್ದು ಕಟ್ ಆಗತ್ತೆ, ಬೇಕಾಗಿದ್ದೂ ಅದೇ. ಟ್ವೀಟರ್ ಆನ್‌ಲೈನಲ್ಲಿ ತರಿಸಿದೆ. 2021ರ ಡಿಸೆಂಬರಲ್ಲಿ ಶುರುವಾದ ಚೀನಾ-ಲಾವೋಸ್ ರೈಲಲ್ಲಿ ವಿಯೆಂಟಿಯಾನ್‌ನಿಂದ ಇಲ್ಲಿಗೆ ಮನುಷ್ಯರು ಸುಮಾರು ಎರಡು ಗಂಟೇಲಿ ಬಂದ್ಬಿಡ್ತಾರೆ, ಪಾರ್ಸಲ್ ಮಾತ್ರ ಎಲ್ಲಿ ಧ್ಯಾನಕ್ಕೆ ಕೂತಿತ್ತೋ. ಬಂತು, ಹಾಕ್ದೆ, ಮೌನ. ಮೀಟರ್ ಹಿಡಿದ್ರೆ ಓಪನ್, ಅಂದ್ರೆ ಒಳಗೆ ಕರೆಂಟ್ ಹರಿಯೋ ದಾರಿಯೇ ಇಲ್ಲ. ಮೀಟರಿಗೆ ಹಾಗೇ ಕಾಣೋ ಪೀಜೋ ಜಾತಿ ಟ್ವೀಟರ್ ಇರಬೋದೇನೋ ಅಂತ ನನ್ನನ್ನ ನಾನೇ ಸಮಾಧಾನ ಮಾಡ್ಕೊಂಡು ಮುಚ್ಚಳ ಬಿಚ್ಚಿದ್ರೆ ಒಳಗೆ ಕಾಯಿಲ್ಲೇ ಇಲ್ಲ, ಒಂದು ಉಂಡೆ ಗೋಂದು, ಮೇಲೆ ಬೆಳ್ಳಿ ಬಣ್ಣದ ಗುಮ್ಮಟ! ಸೆಲ್ಲರ್‌ಗೆ ಬರೆದ್ರೆ “ಸೌಂಡ್ ಬರ್ತಿಲ್ಲ ಅನ್ನೋದಕ್ಕೆ ಫೋಟೋ ಕಳ್ಸಿ” ಅಂತ ಉತ್ತರ. ಕಳ್ಸಿದೀನಿ, ನೋಡ್ತಾ ಇರ್ಲಿ.

ಇಲ್ಲಿ ಮದುವೆ, ಗೃಹಪ್ರವೇಶ ಏನೇ ಇರ್ಲಿ, ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಕರೋಕೆ ಇರ್ಲೇಬೇಕು, ಸುಟ್ಟೋಗೋ ಪೆಟ್ಟಿಗೆಗೂ ಬರ ಇಲ್ಲ. ಪೇಟೆಯ ರಿಪೇರಿ ಅಂಗಡಿಯವನು ಒಂದು ಸತ್ತ ಪೆಟ್ಟಿಗೆಯಿಂದ ಒಳ್ಳೇ ಟ್ವೀಟರ್ ಕಿತ್ತುಕೊಟ್ಟ, ದುಡ್ಡು ಕೊಡಕ್ಕೋದ್ರೆ “ಬೋ ಪೆನ್ ಞಂಗ್” (ಪರವಾಗಿಲ್ಲ ಬಿಡಿ) ಅಂದ್ಬಿಟ್ಟ.

ಹಾಕ್ದೆ. ಮೈಕಲ್ಲಿ ನಾನು ಮಾತಾಡಿದ್ರೆ ‘ಸ್’ ಕಿವಿಗೆ ಚುಚ್ಚತ್ತೆ. ಪಾಠದ ಫೈಲ್ ಹಾಕಿದ್ರೆ ಮತ್ತದೇ ‘ಐ’, ‘ಐ’. ಆ ಫೈಲ್ ಕಟ್ಟು ವಾಲಂಟಿಯರಿಂದ ವಾಲಂಟಿಯರಿಗೆ ಪೆನ್‌ಡ್ರೈವಲ್ಲಿ ಇಳಿದು ಬಂದ ಪಿತ್ರಾರ್ಜಿತ ಆಸ್ತಿ. ಪ್ರಾಪರ್ಟೀಸಲ್ಲಿ ನೋಡಿದ್ರೆ 44.1 ಕಿಲೋಹರ್ಟ್ಸ್, 320 ಕೆಬಿಪಿಎಸ್, ಒಳ್ಳೇ ಕ್ವಾಲಿಟಿ ಅಂತ ಯಾರಾದ್ರೂ ನಂಬ್ತಾರೆ. ರಾತ್ರಿ ಯಾಕೋ ನಿದ್ದೆ ಬರ್ದೆ ಅಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಲ್ಲಿ ತೆಗೆದು ಸ್ಪೆಕ್ಟ್ರೋಗ್ರಾಮ್ (ಯಾವ ಫ್ರೀಕ್ವೆನ್ಸೀಲಿ ಎಷ್ಟು ಸದ್ದಿದೆ ಅಂತ ಬಣ್ಣದಲ್ಲಿ ತೋರಿಸೋ ಚಿತ್ರ) ಹಾಕಿ ನೋಡ್ತೀನಿ, 4 ಕಿಲೋಹರ್ಟ್ಸ್‌ವರೆಗೆ ಬಣ್ಣ, ಅದರ ಮೇಲೆ ಗೆರೆ ಎಳೆದಂಗೆ ಪೂರ್ತಿ ಖಾಲಿ. ಹಿಂದೆ ಯಾವನೋ ಪುಣ್ಯಾತ್ಮ 8 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಲ್ಲಿ (ಸೆಕೆಂಡಿಗೆ 8 ಸಾವಿರ ಸಲ ಸದ್ದು ಅಳೆದು) ರೆಕಾರ್ಡ್ ಮಾಡಿದಾನೆ, ಹಳೇ ಫೋನಿನ ಎಎಂಆರ್ ಅನ್ನೋ ಥರದ ಫೈಲ್ ಇರ್ಬೇಕು, ಅದರ ಅರ್ಧಕ್ಕಿಂತ ಮೇಲಿನ ಶಬ್ದ ಅಲ್ಲಿ ಉಳಿಯಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಆಮೇಲೆ ಇನ್ಯಾರೋ ಅದನ್ನೇ ದೊಡ್ಡ ಎಂಪಿ3 ಮಾಡಿದಾರೆ. ನೀರು ಬೆರೆಸಿದ ಹಾಲನ್ನ ದೊಡ್ಡ ಕ್ಯಾನಿಗೆ ಸುರಿದಂಗಾಯ್ತು. ಎಷ್ಟು ಬ್ಯಾಚ್ ಮಕ್ಕಳು ಇಲ್ಲದಿರೋ ‘ಸ್’ ಕೇಳಿಲ್ಲ ಅಂತ ಬೈಸ್ಕೊಂಡಿದಾರೋ, ಅದು ನೆನೆಸ್ಕೊಂಡ್ರೆ ಆ ಗೋಂದಿನ ಟ್ವೀಟರ್‌ಗಿಂತ ಇದಕ್ಕೇ ನಂಗೆ ಜಾಸ್ತಿ ಸಿಟ್ಟು.

ಹೊಸದಾಗಿ ನಾವೇ ರೆಕಾರ್ಡ್ ಮಾಡಿದ್ವಿ. ಹಗಲು ದೋಣಿ ಇಂಜಿನ್ನು, ಬೆಳಗ್ಗೆ ಹುಂಜ, ಉಳಿದಿದ್ದು ರಾತ್ರಿ. ಸೊಳ್ಳೆ ಪರದೆ ಒಳಗೆ, ರಜಾಯಿ ಹೊದ್ಕೊಂಡು, ಬೆವರು ಸುರಿಸ್ತಾ ನಾನು ‘ಐಸ್... ಐ... ನೈಸ್... ನೈ’ ಅಂತಿದ್ರೆ ಗೋಡೆ ಮೇಲಿಂದ ಟೊಕೇ ಹಲ್ಲಿ “ಟೊಕ್-ಕೇ, ಟೊಕ್-ಕೇ” ಅಂತ ಸರಿಯಾಗಿ ಟೈಮಿಂಗ್ ನೋಡಿ ಕೂಗತ್ತೆ. ನಮ್ಮೆಜಮಾನ್ರ ದನಿ ಬೇಡ ಅಂತ ಬಾಯಿಬಿಟ್ಟು ಹೇಳಿಲ್ಲ, “ರೀ, ನೀವು ಲೆವೆಲ್ ನೋಡ್ಕೊಳ್ಳಿ” ಅಂದೆ, ಅರ್ಥ ಆಯ್ತು ಅವರಿಗೆ, ಬೆಳಗ್ಗೆವರೆಗೂ ಮಾತಿಲ್ಲ.

ಕ್ಲಾಸಲ್ಲಿ ಹಾಕ್ದೆ. ಮೂಲೇಲಿ ಕೂರೋ, ಬಾಯೇ ಬಿಡದ ಹುಡುಗಿ ಮೊದಲು ಐಸ್ ಚಿತ್ರ ಎತ್ತಿದ್ಲು. ಮುಂದಿನದೂ ಸರಿ, ಅದರ ಮುಂದಿನದೂ ಸರಿ. ಆಮೇಲೆ ಇಡೀ ಕ್ಲಾಸು ಬುಸುಗುಟ್ಟಕ್ಕೆ ಶುರು, ಪಕ್ಕದ ಕ್ಲಾಸಿನ ಟೀಚರ್ ಬಂದು ಇಣುಕಿ ಹೋದ್ರು. ಈಗ ಹೊಸ ಕಾಯಿಲೆ, ಸಿಕ್ಕಿದ್ದಕ್ಕೆಲ್ಲ ‘ಸ್’. ಸಂಜೆ ಮಾತಾಡಿ ಅಭ್ಯಾಸ ಮಾಡಕ್ಕೆ ಬರೋ ಸಾಮಣೇರರಿಗೂ (ಬೌದ್ಧ ಮರಿ ಸನ್ಯಾಸಿಗಳು) ಅಂಟಿದೆ, “ಥ್ಯಾಂಕ್ಯೂಸ್ ಆಚಾನ್ (ಟೀಚರ್)” ಅಂತಾರೆ. ಇರ್ಲಿ, ಬಂದಿದ್ದನ್ನ ಕಮ್ಮಿ ಮಾಡೋದು ಸುಲಭ.

ಮಧ್ಯೆ ಇನ್ನೊಂದು ವಿಷ್ಯ, ಮುಂದಿನ ಪ್ರಾಜೆಕ್ಟ್ ಫಿಕ್ಸ್ ಆಗಿದೆ: ಕೊಟ್ಟೆ ಕಡುಬು! ಇಲ್ಲಿ ಸ್ಟಿಕಿ ರೈಸ್ ಬೇಯಿಸಕ್ಕೆ ಕುತ್ತಿಗೆ ಸಣ್ಣಗಿರೋ ಅಲ್ಯೂಮಿನಿಯಂ ಪಾತ್ರೆ ಮೇಲೆ ಬಿದಿರಿನ ಶಂಕುವಿನಂಥ ಬುಟ್ಟಿ ಇಡ್ತಾರೆ, ಆ ಬುಟ್ಟಿಗೆ ಹುವಾಟ್ ಅಂತಾರೆ, ಆವಿ ಎಷ್ಟು ಚೆನ್ನಾಗಿ ಏರತ್ತೆ ಅಂದ್ರೆ ನೋಡಿದ ದಿನದಿಂದ ನನ್ನ ಉಡುಪಿ ಜೀವ ತಡೀತಿಲ್ಲ. ಕೊಟ್ಟೆ ಕಟ್ಟೋ ಎಲೆಗೆ ಹಲಸಿನ ಮರ ಸ್ಕೂಲ್ ಪಕ್ಕದಲ್ಲೇ ಇದೆ. ಸಮಸ್ಯೆ ಉದ್ದಿನಬೇಳೆ, ಮತ್ತೆ ಬುಟ್ಟಿ ತುದಿ ಚೂಪಾಗಿರೋದ್ರಿಂದ ಕೊಟ್ಟೆ ನೆಟ್ಟಗೆ ನಿಲ್ಲಲ್ಲ. ಮಧ್ಯಕ್ಕೊಂದು ಬಿದಿರಿನ ಜಲ್ಲಡಿ ಹೆಣೆಸ್ಬೇಕು.

ಡಬ್ಬಕ್ಕೆ ವಾಪಸ್. ಇನ್ನೇನು ಮಳೆಗಾಲ, ಸ್ಕೂಲಿಗೆ ತಗಡಿನ ಮಾಡು. ಮಳೆ ಸದ್ದು ಎಲ್ಲಾ ಫ್ರೀಕ್ವೆನ್ಸೀಲೂ ಹರಡಿರತ್ತೆ, ಅದರಲ್ಲಿ ಮೊದಲು ಮುಳುಗೋದೇ ಈ ಬಡಪಾಯಿ ‘ಸ್’. ವಾಲ್ಯೂಮ್ ಏರಿಸಿದ್ರೆ ಪಿಎಎಂ8403 ಒಡೆದ ದನಿ ಕೊಡತ್ತೆ. ದೊಡ್ಡ ಆಂಪ್ ಹಾಕೋ ಬದಲು ನಾಲ್ಕು ಮೂಲೆಗೆ ನಾಲ್ಕು ಸಣ್ಣ ಸ್ಪೀಕರ್ ಹಾಕಿ ಮಕ್ಕಳ ಹತ್ರಾನೇ ಕೂರಿಸೋಣ ಅಂತಿದೀನಿ. ತಗಡಿನ ಕೆಳಗೆ ಹೀಗೆ ಮಾಡಿ ನೋಡಿದೋರು ಯಾರಾದ್ರೂ ಇದ್ರೆ ವೈರ್ ಎಷ್ಟು ದಪ್ಪದ್ದು ಹಾಕಿದ್ರಿ, ಹೇಳಿ. ಟ್ವೀಟರ್ ಎಲ್ಲಿ ತಗೋಬಾರ್ದು ಅನ್ನೋದು ಮಾತ್ರ ನಂಗೆ ಚೆನ್ನಾಗಿ ಗೊತ್ತಾಗಿದೆ.