ಪ್ರೆಸ್ ಶಾಪಿನ ಸೇಫ್ಟಿ ಪಾಠ: ಆರು ವಾರದ ಲೆಕ್ಕ

ಮೊದಲ ವಾರ

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಪ್ರೆಸ್ ಶಾಪಿನಲ್ಲಿ, ಅಂದರೆ ಪ್ರೆಸ್ ಮಷೀನಿನಲ್ಲಿ ತಗಡು ಒತ್ತಿ ಆಕಾರ ಕೊಡುವ ಕಡೆ, 42 ಜನ. ನಾನು ಮೇಂಟೆನೆನ್ಸ್‌ನವನು. ಸೇಫ್ಟಿ ಟ್ರೇನಿಂಗ್ ಸುಮ್ನೆ ನನ್ನ ಕೊರಳಿಗೆ ಬಿತ್ತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ 111ಎ ಕಲಂ ಸೇರಿದಾಗಲೇ ಇದು ಕಾರ್ಮಿಕರ ಹಕ್ಕಾಯಿತು. ಆದರೆ ನಮ್ಮಲ್ಲಿ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಓದಿ, ಜಿಲೇಬಿ ಹಂಚಿದರೆ ವರ್ಷದ ಲೆಕ್ಕ ಮುಗಿಯುತ್ತಿತ್ತು.

ಊಟದ ನಂತರ ಕ್ಯಾಂಟೀನಿನಲ್ಲಿ ಸ್ಲೈಡ್ ಹಾಕಿದೆ. ಮುಂದಿನ ಸಾಲಿನವರೇ ನಿದ್ದೆ ಹೋದರು. ಬೈಯುವುದು ಯಾರನ್ನು? ಊಟ ಆದ ಮೇಲೆ ಕತ್ತಲೆ ಕೋಣೆ, ಮೇಲೆ ಫ್ಯಾನ್.

ಎರಡನೇ ವಾರ

ವಾಟ್ಸ್ಆ್ಯಪ್‌ನಲ್ಲಿ ಮೂರು ನಿಮಿಷದ ವಿಡಿಯೊ, ಮರಾಠಿ ಮತ್ತು ಹಿಂದಿಯಲ್ಲಿ. ನೀಲಿ ಟಿಕ್ ಬಂತು, ತಲೆಗೆ ಹೋಗಿದ್ದು ಗೊತ್ತಾಗಲಿಲ್ಲ. ನಮ್ಮ ಹೆಲ್ಪರ್‌ಗಳಲ್ಲಿ ಒಂಬತ್ತು ಜನ ಇಂಡಿ, ಅಫಜಲಪುರ ಕಡೆಯವರು. ಅವರಿಗೆ ಕನ್ನಡದಲ್ಲಿ ಹೇಳಬೇಕು ಅನ್ನುವುದು ನನಗೇ ಹೊಳೆದಿರಲಿಲ್ಲ, ನೋಡಿ!

ಮೂರನೇ ವಾರ

ಶಿಫ್ಟ್ ಶುರುವಾಗುವಾಗ ಹತ್ತು ನಿಮಿಷ, ಮಷೀನಿನ ಹತ್ತಿರವೇ, ಆರೇಳು ಜನರ ಗುಂಪು. ವಿಷಯ: ಡೈ, ಅಂದರೆ ಅಚ್ಚು, ಬದಲಿಸುವ ಮುಂಚೆ ಬೇರೆ ಯಾರೂ ಮಷೀನ್ ಆನ್ ಮಾಡದಂತೆ ಸ್ವಿಚ್‌ಗೆ ಬೀಗ ಹಾಕುವುದು. ಮೇನ್ ಸ್ವಿಚ್ ಆಫ್ ಮಾಡಿದೆ, ಬೀಗ ಹಾಕಿದೆ, ಟ್ಯಾಗ್ ಕಟ್ಟಿದೆ, ಕೀಲಿ ಜೇಬಿಗೆ ಹಾಕಿಕೊಂಡೆ. "ಈಗ ಕೈ ಹಾಕಬಹುದಾ?" ಅಂತ ಕೇಳಿದೆ. ಎಲ್ಲರೂ ಹೂಂ ಅಂತ ತಲೆಯಾಡಿಸಿದರು.

ಇಂಡಿ ಕಡೆಯ ಹುಡುಗನೊಬ್ಬ ಮಾತ್ರ, "ಸರ್ರ, ಚಕ್ರ ಇನ್ನಾ ತಿರಗಾಕತ್ತೈತಲ್ರೀ" ಅಂದ.

ಹೌದು, ಅದೇ ಪಾಠ. ಕರೆಂಟ್ ಹೋದರೂ ಆ ಭಾರದ ಚಕ್ರದಲ್ಲಿ, ಅಂದರೆ ಫ್ಲೈವೀಲ್‌ನಲ್ಲಿ, ಕಸುವು ಉಳಿದಿರುತ್ತದೆ. ಆಗ ಕ್ಲಚ್ ಕಚ್ಚಿಕೊಂಡರೆ ಮೇಲಿಂದ ಒತ್ತುವ ರಾಮ್ ಕೆಳಗೆ ಬಂದೇ ಬರುತ್ತದೆ. ಚಕ್ರ ಪೂರ್ತಿ ನಿಲ್ಲುವವರೆಗೂ ಎಲ್ಲರೂ ಸುಮ್ಮನೆ ನಿಂತೆವು. ಮೊಬೈಲಿನಲ್ಲಿ ಹಿಡಿದ ಲೆಕ್ಕ ಎರಡು ನಿಮಿಷ ದಾಟಿತು. ಆಮೇಲೆ ರಾಮ್ ಜಾರದಂತೆ ನಡುವೆ ಬ್ಲಾಕ್ ಇಟ್ಟೆವು. ನನ್ನ ಸ್ಲೈಡಿನಲ್ಲೂ ಇದೆಲ್ಲ ಇತ್ತು, ಹನ್ನೊಂದನೇ ಪುಟದಲ್ಲಿ. ಆದರೆ ಆ ಎರಡು ನಿಮಿಷ ಕಾಯುವ ಬೇಸರ ಸ್ಲೈಡಿನಲ್ಲಿ ಎಲ್ಲಿಂದ ಬರಬೇಕು? ಬೇಸರಕ್ಕೇ ಅಲ್ವಾ ಜನ ಅವಸರ ಮಾಡಿ ಕೈ ಹಾಕುವುದು?

ನಾಲ್ಕು, ಐದನೇ ವಾರ

ರೀಫಿಲ್‌ಗೆ ಕಳಿಸಬೇಕಿದ್ದ ಬೆಂಕಿ ಆರಿಸುವ ಸಿಲಿಂಡರ್‌ಗಳನ್ನು ಅಂಗಳಕ್ಕೆ ತಂದೆ. ಪಿನ್ ಎಳೆಯುವುದು, ಬೆಂಕಿಯ ಬುಡಕ್ಕೆ ಗುರಿ ಇಡುವುದು, ಹಿಡಿ ಒತ್ತುವುದು, ಆಚೀಚೆ ಬೀಸುವುದು ಎಲ್ಲ ಬಾಯಿಪಾಠ ಒಪ್ಪಿಸಿದವರೇ ಗಾಬರಿಯಲ್ಲಿ ಹಿಡಿಯನ್ನು ಬಿಗಿಯಾಗಿ ಒತ್ತಿಕೊಂಡು ಪಿನ್ ಎಳೆಯುತ್ತಿದ್ದರು. ಹಾಗೆ ಎಳೆದರೆ ಪಿನ್ ಬರುವುದಿಲ್ಲ. ಪೌಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುವುದನ್ನೂ ಅವರು ಮೊದಲ ಸಲ ಕಂಡರು.

ವಿಡಿಯೊ ಪೂರ್ತಿ ಬಿಟ್ಟಿಲ್ಲ. ಹೊಸಬರಿಗೆ ಗೇಟಿನಲ್ಲಿ ಹೊರಹೋಗುವ ದಾರಿ, ಬೂಟು, ಕನ್ನಡಕದ ವಿಷಯ ಹೇಳಲು ಅದು ಸಾಕು. ಕೈ ಬೆರಳಿಗೆ ಸಂಬಂಧಪಟ್ಟದ್ದು ಮಾತ್ರ ಮಷೀನಿನ ಪಕ್ಕದಲ್ಲೇ.

ಆರನೇ ವಾರ

ಪ್ರಶ್ನೆಪತ್ರಿಕೆ ಕಿತ್ತುಹಾಕಿದೆ. ಈಗ "ಮಾಡಿ ತೋರಿಸು" ಅಷ್ಟೇ. 42ರಲ್ಲಿ 31 ಜನ ಪಾಸು, ಉಳಿದವರೆಲ್ಲ ರಾತ್ರಿ ಪಾಳಿಯವರು. ಕನ್ನಡದ ಗುಂಪಿಗೆ ಆ ಇಂಡಿ ಕಡೆಯ ಹುಡುಗನೇ ಹೇಳಿಕೊಡುತ್ತಾನೆ, ನನಗಿಂತ ಚೆನ್ನಾಗಿ.

ಆರು ಕೆಂಪು ಬೀಗ ತಂದಿದ್ದೆ, ಈಗ ಐದೇ ಇವೆ. ಒಂದು ಯಾರದೋ ರೂಮಿನ ಬಾಗಿಲು ಕಾಯುತ್ತಿರಬೇಕು.