ಎಕೋ ನಾರ್ಮಲ್, ಏದುಸಿರು ಮಾತ್ರ ಹಾಗೇ ಇದೆ

ಚರ್ಮವೂ ಒಳ ಅಂಗಗಳೂ ಗಟ್ಟಿಯಾಗುವ ಸಿಸ್ಟಮಿಕ್ ಸ್ಕ್ಲೆರೋಸಿಸ್ ಕಾಯಿಲೆ ಇರುವವರ ವಾರ್ಷಿಕ ಹೃದಯ ತಪಾಸಣೆಯ ದಿನ ಹೆಚ್ಚಾಗಿ ಬೆರಳಿನ ತಕರಾರಿನಿಂದಲೇ ಶುರುವಾಗುತ್ತದೆ. ಆಕ್ಸಿಮೀಟರ್ ಸಿಕ್ಕಿಸಿದರೆ ಒಮ್ಮೆ 84, ಮರುಕ್ಷಣ 93, ಆಮೇಲೆ ಬರೀ ಗೆರೆ. ಚಳಿಗೆ ಬೆರಳಿನ ರಕ್ತನಾಳ ಬಿಗಿದುಕೊಳ್ಳುವ ರೇನಾಡ್ ತೊಂದರೆಯಿಂದ ಬೆರಳಿಗೆ ರಕ್ತ ಹರಿಯದಿದ್ದರೆ ಯಂತ್ರಕ್ಕೆ ನಾಡಿಯೇ ಸಿಗುವುದಿಲ್ಲ. ಕೈ ಬೆಚ್ಚಗೆ ಮಾಡಿಕೊಂಡು ಕಾಯಬಹುದು. ಹಣೆಗೆ ಅಂಟಿಸುವ ಸೆನ್ಸರ್ ಇದೆಯೇ ಎಂದು ಕೇಳುವುದು ಇನ್ನೂ ಒಳ್ಳೆಯದು. ಆರು ನಿಮಿಷದ ನಡಿಗೆ ಪರೀಕ್ಷೆಗಂತೂ ಅದೇ ಬೇಕು. ಇಲ್ಲದಿದ್ದರೆ ಇಳಿದದ್ದು ಆಮ್ಲಜನಕವೋ, ತಣ್ಣಗಾದದ್ದು ಬೆರಳೋ ಗೊತ್ತಾಗುವುದಿಲ್ಲ.

ಇಸಿಜಿ ಬೇಗ ಮುಗಿಯುತ್ತದೆ, ಆದರೆ ಅದು ನೋಡುವುದು ಹತ್ತು ಸೆಕೆಂಡಿನ ಹೃದಯವನ್ನು ಮಾತ್ರ. ಈ ಕಾಯಿಲೆಯಲ್ಲಿ ಹೃದಯದ ಸ್ನಾಯುವಿನೊಳಗೆ ಅಲ್ಲಲ್ಲಿ ಗಾಯದಂಥ ಕಲೆಗಟ್ಟುತ್ತದೆ. ಆ ಕಲೆ ವಿದ್ಯುತ್ ಹರಿಯುವ ದಾರಿಯಲ್ಲಿದ್ದರೆ ಬಂಡಲ್ ಬ್ರಾಂಚ್ ಬ್ಲಾಕ್ (ವಿದ್ಯುತ್ ದಾರಿಯ ಒಂದು ಕವಲಿನಲ್ಲಿ ತಡೆ) ಬರಬಹುದು, ಬಡಿತ ತಪ್ಪಬಹುದು. ಎದೆ ಡವಗುಟ್ಟುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎನ್ನುವವರಿಗೆ ಬಡಿತವನ್ನು ಸತತ ದಾಖಲಿಸುವ ಹೋಲ್ಟರ್ ಯಂತ್ರವನ್ನು ಕನಿಷ್ಠ 24 ಗಂಟೆ ಹಾಕಲೇಬೇಕು. ಕೆಡುವುದು ಬಹುಮಟ್ಟಿಗೆ ಸೂಕ್ಷ್ಮ ರಕ್ತನಾಳಗಳಾದ್ದರಿಂದ ದೊಡ್ಡ ನಾಳಗಳನ್ನು ತೋರಿಸುವ ಆಂಜಿಯೋಗ್ರಾಂ ಸ್ವಚ್ಛವಾಗಿ ಬರಬಹುದು. ಕಲೆ ಎಲ್ಲಿದೆ ಎಂದು ತೋರಿಸುವುದು ಹೃದಯದ ಎಂಆರ್‌ಐ.

ನಿಜವಾದ ಗೊಂದಲ ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ. ವರದಿಯ ಕೊನೆಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ 60 ಎಂದು ಕಂಡರೆ ಸಾಕು, ಎಲ್ಲರೂ ನಿರಾಳ. ಆ ಅಂಕಿ ಹೇಳುವುದು ಎಡ ಹೃತ್ಕುಕ್ಷಿ ಎಷ್ಟು ಹಿಂಡುತ್ತದೆ ಎಂದಷ್ಟೇ. ಆ ಹೃತ್ಕುಕ್ಷಿ ಬಿಗಿದುಕೊಂಡು ಸಡಿಲವಾಗದೆ ಇದ್ದರೂ, ಬಲಭಾಗ ಶ್ವಾಸಕೋಶದ ಒತ್ತಡದೆದುರು ಏಗುತ್ತಿದ್ದರೂ 60 ಹಾಗೇ ಇರಬಹುದು. ಹಾಗಾಗಿ ಬಲಭಾಗದ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗ ಎಷ್ಟೆಂದು ಹುಡುಕಿ ಓದಬೇಕು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ಅಂದಾಜು: ಸೆಕೆಂಡಿಗೆ 2.8 ಮೀಟರ್ ಇದ್ದರೆ ಸುಮಾರು 31, 3.4 ಇದ್ದರೆ 46. ಇದಕ್ಕೆ ಬಲ ಹೃತ್ಕರ್ಣದ ಒತ್ತಡವನ್ನೂ ಸೇರಿಸಬೇಕು. 2.8 ದಾಟಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದೆ ಎಂಬ ಅನುಮಾನ, 3.4 ದಾಟಿದರೆ ಬಲವಾದ ಅನುಮಾನ. ಸೋರಿಕೆ ಕಾಣಲಿಲ್ಲ ಎಂದರೆ ಒತ್ತಡ ಇಲ್ಲ ಎಂದರ್ಥವಲ್ಲ. ಆಗ ಬಲ ಹೃತ್ಕರ್ಣ ಹಿಗ್ಗಿದೆಯೇ, ಹೃದಯದ ಸುತ್ತ ನೀರಿದೆಯೇ ಎಂದು ನೋಡಬೇಕು. ಹಿಂದಿನ ವರ್ಷದ ವರದಿ ಪಕ್ಕದಲ್ಲಿಲ್ಲದೆ ಇದನ್ನೆಲ್ಲ ಓದುವುದು ಅರ್ಧ ಕೆಲಸ.

ಶ್ವಾಸಕೋಶದ ಪರೀಕ್ಷೆಯೂ ಅದೇ ದಿನ ಆದರೆ ಅನುಕೂಲ. ಎಫ್‌ವಿಸಿ (ಒಮ್ಮೆಗೆ ಹೊರಹಾಕಬಲ್ಲ ಒಟ್ಟು ಉಸಿರು) ಶೇ. 90 ಇದ್ದು ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಪ್ರಮಾಣ) ಶೇ. 50ಕ್ಕೆ ಇಳಿದಿದ್ದರೆ ಅನುಪಾತ 1.8. 1.6 ಮೀರಿದರೆ ಶ್ವಾಸಕೋಶದ ರಕ್ತನಾಳಗಳ ಮೇಲೆ ಕಣ್ಣಿಡಬೇಕು. ಅದಕ್ಕೂ ಮೊದಲು ಹಿಮೋಗ್ಲೋಬಿನ್ ನೋಡಿ: ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಜಿನುಗುವುದು ಈ ಕಾಯಿಲೆಯಲ್ಲಿ ಹೊಸದೇನಲ್ಲ, ರಕ್ತಹೀನತೆಯೂ ಡಿಎಲ್‌ಸಿಒ ಇಳಿಸುತ್ತದೆ, ಏದುಸಿರೂ ತರುತ್ತದೆ. ರಕ್ತದ ವರದಿಯಲ್ಲಿ, ಹೃದಯಕ್ಕೆ ಪೆಟ್ಟಾದಾಗ ಏರುವ ಟ್ರೋಪೋನಿನ್ ಟಿ ಹೆಚ್ಚಿದ್ದರೆ ಅದು ಕೈಕಾಲಿನ ಸ್ನಾಯುವಿನ ಉರಿಯೂತದಿಂದಲೂ ಇರಬಹುದು. ಟ್ರೋಪೋನಿನ್ ಐ ಕೂಡ ಮಾಡಿಸಿದರೆ ಗೊಂದಲ ಕಡಿಮೆ.

ಇಷ್ಟಾದರೂ ಎಕೋ ನೋಡಿ, ಶ್ವಾಸಕೋಶದ ಈ ಒತ್ತಡದ ಕಾಯಿಲೆಯೇ ಇದೆ, ಪಲ್ಮನರಿ ಹೈಪರ್‌ಟೆನ್ಷನ್ ಎಂದು ಮಾತ್ರೆ ಶುರು ಮಾಡುವುದು ಸರಿಯಲ್ಲ. ರಕ್ತನಾಳದ ಮೂಲಕ ನಳಿಕೆ ತೂರಿಸಿ ಒತ್ತಡ ಅಳೆಯುವ ಬಲ ಹೃದಯದ ಕ್ಯಾತಿಟರ್ ಪರೀಕ್ಷೆಯೇ ತೀರ್ಮಾನ. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ ಪಾದರಸದ 20 ಮಿಲಿಮೀಟರ್ ದಾಟಿ, ಎಡ ಹೃದಯದ ಕಡೆಯ ಒತ್ತಡ ತೋರಿಸುವ ವೆಜ್ ಒತ್ತಡ 15ರೊಳಗಿದ್ದು, ರಕ್ತನಾಳದ ಪ್ರತಿರೋಧ 2 ವುಡ್ ಯೂನಿಟ್ (ಪ್ರತಿರೋಧದ ಅಳತೆ) ಮೀರಿರಬೇಕು. ವೆಜ್ ಹೆಚ್ಚಿದ್ದರೆ ದೋಷ ಬಿಗಿದ ಎಡಭಾಗದ್ದು. ಅಂಥವರಿಗೆ ಶ್ವಾಸಕೋಶದ ನಾಳ ಹಿಗ್ಗಿಸುವ ಔಷಧ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ.

ಹೊರಡುವ ಮುನ್ನ ಔಷಧಿಗಳ ಪಟ್ಟಿ. ರೇನಾಡ್‌ಗೆ ಕೊಡುವ ನಿಫೆಡಿಪಿನ್‌ನಿಂದಲೂ ಪಾದ ಊದುತ್ತದೆ, ಊತವೆಲ್ಲ ಹೃದಯದ್ದಲ್ಲ. ಸ್ಟೀರಾಯ್ಡ್ ಆದ ಪ್ರೆಡ್ನಿಸೋಲೋನ್ ದಿನಕ್ಕೆ 15 ಮಿಲಿಗ್ರಾಂ ಮೀರಿದರೆ ಮೂತ್ರಪಿಂಡ ಹಠಾತ್ ಕೈಕೊಡುವ ಭಯ ಹೆಚ್ಚು, ಮನೆಯಲ್ಲೇ ಬಿಪಿ ನೋಡಿಕೊಳ್ಳಬೇಕು. ಮೇಲಿನ ಅಂಕಿ ಎಂದಿನದಕ್ಕಿಂತ 30 ಏರಿದರೆ ಅಂದೇ ವೈದ್ಯರಿಗೆ ತಿಳಿಸಿ. ರಕ್ತನಾಳ ಹಿಗ್ಗಿಸುವ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ತೆಗೆದುಕೊಳ್ಳುವವರು ಅದನ್ನು ಬರೆದ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಳ್ಳಲಿ: ಎದೆನೋವೆಂದು ಎಮರ್ಜೆನ್ಸಿಗೆ ಹೋದಾಗ ನಾಲಿಗೆಯಡಿ ನೈಟ್ರೇಟ್ ಮಾತ್ರೆ (ಅದೂ ನಾಳ ಹಿಗ್ಗಿಸುವಂಥದ್ದೇ) ಇಟ್ಟುಬಿಟ್ಟರೆ ಬಿಪಿ ಪಾತಾಳಕ್ಕಿಳಿಯುತ್ತದೆ.